ಊಟದ ಮೇಜಿನಿಂದ ಶುರುವಾದ ಜಗಳ

ಎಲ್ಲರಿಗೂ ನಮಸ್ಕಾರ.

ದಸರಾ ಹತ್ತಿರ ಬಂತೆಂದರೆ ಒಂದು ಸುದ್ದಿ ಬರುತ್ತದೆ. ರೈಲ್ವೆ ನೌಕರರಿಗೆ ಬೋನಸ್. ಈಚಿನ ವರ್ಷಗಳಲ್ಲಿ 78 ದಿನದ ಸಂಬಳದ ಲೆಕ್ಕ. ನಾವು ಕೇಳಿ ಮುಂದಿನ ಸುದ್ದಿಗೆ ಹೋಗುತ್ತೇವೆ. ನನಗೆ ಮಾತ್ರ ಆಗೆಲ್ಲ ಮಂಗಳೂರಿನ ಕಾರ್ಮಿಕ ನಾಯಕ, ಆಮೇಲೆ ಕೇಂದ್ರ ಮಂತ್ರಿಯೂ ಆದ ಜಾರ್ಜ್ ಫರ್ನಾಂಡಿಸ್ ನೆನಪಾಗುತ್ತಾರೆ.

ಜಾರ್ಜ್ ಅಂದರೆ ಜನರಿಗೆ ಒಂದೋ ಬೇಡಿ ಹಾಕಿದ ಕೈ ಎತ್ತಿ ನಿಂತ ಫೋಟೊ, ಇಲ್ಲ ರಕ್ಷಣಾ ಖರೀದಿಯ ಲಂಚದ ತೆಹಲ್ಕಾ ಹಗರಣ. ಅವರನ್ನು ದೇವರು ಮಾಡುವವರೂ ಇದ್ದಾರೆ, ಬೈಯುವವರೂ ಇದ್ದಾರೆ. ನಾನು ಕೇಳುವುದು ಒಂದೇ ಪ್ರಶ್ನೆ. ಅವರಿಂದ ದುಡಿಯುವವರ ಕೈಗೆ ಏನು ಬಂತು?

1946ರಲ್ಲಿ ಮನೆಯವರು ಈ ಹುಡುಗನನ್ನು ಪಾದ್ರಿಯಾಗಲಿ ಎಂದು ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅಲ್ಲಿ ಹಿರಿಯ ಗುರುಗಳಿಗೆ ಎತ್ತರದ ಮೇಜು, ಒಳ್ಳೆ ಊಟ. ಕಲಿಯುವ ಹುಡುಗರಿಗೆ ಕೆಳಗಿನ ಮೇಜು, ಸಾಧಾರಣ ಊಟ. ದಿನಾ ಕಣ್ಣೆದುರಿಗೇ ಇದು. ಆ ಹುಡುಗನಿಗೆ ಅದು ನುಂಗಲಾರದ ತುತ್ತಾಯಿತು. ಎರಡೂವರೆ ವರ್ಷದಲ್ಲಿ ಬಿಟ್ಟು ಬಂದರು.

1949ರಲ್ಲಿ ಮುಂಬೈ ಸೇರಿದರು. ರಾತ್ರಿ ಚೌಪಾಟಿಯ ಬೆಂಚೇ ಹಾಸಿಗೆ. ನಡುರಾತ್ರಿ ಪೊಲೀಸರು ಬಂದು ಎಬ್ಬಿಸಿ, ಎದ್ದು ನಡಿ ಅನ್ನುತ್ತಿದ್ದರು. ಆಮೇಲೆ ಪತ್ರಿಕೆಯೊಂದರಲ್ಲಿ ಪ್ರೂಫ್ ನೋಡುವ ಕೆಲಸ ಸಿಕ್ಕಿತು. ಬಂದರಿನ ಕಾರ್ಮಿಕ ನಾಯಕ ಪ್ಲಾಸಿಡ್ ಡಿಮೆಲ್ಲೊ ಕೆಲಸ ಕಲಿಸಿದರು. ಹೋಟೆಲ್ ಹುಡುಗರು, ಟ್ಯಾಕ್ಸಿಯವರು, ನಗರಪಾಲಿಕೆಯ ಕಾರ್ಮಿಕರು, ಹೀಗೆ ಯೂನಿಯನ್ ಬೆಳೆಯಿತು. ಆ ಹೋಟೆಲ್‌ಗಳಲ್ಲಿ ಲೋಟ ತೊಳೆಯುತ್ತಿದ್ದವರಲ್ಲಿ ನಮ್ಮ ಕರಾವಳಿಯ ಹುಡುಗರು ಎಷ್ಟೊಂದು ಮಂದಿ ಇದ್ದರು! ಜಾರ್ಜ್‌ಗೆ ಕೊಂಕಣಿ, ತುಳು, ಕನ್ನಡ, ಮರಾಠಿ, ಹಿಂದಿ ಎಲ್ಲ ಬರುತ್ತಿತ್ತು. ಕೂಲಿಯವನ ಕಷ್ಟವನ್ನು ಅವನ ಮಾತಲ್ಲೇ ಕೇಳುವ ನಾಯಕ ಸಿಗುವುದು ಸುಮ್ನೆ ಅಲ್ಲ. 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬೈನಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರಂಥ ಘಟಾನುಘಟಿ ಜಾರ್ಜ್ ಎದುರು ಸೋತದ್ದು ಈ ಬಲದಿಂದಲೇ ಎಂದು ನಾನು ನಂಬುತ್ತೇನೆ.

ಈಗ 1974ಕ್ಕೆ ಬನ್ನಿ. ಆಗ ರೈಲ್ವೆ ನೌಕರರ ಮುಷ್ಕರದ ನಾಯಕ ಜಾರ್ಜ್. ರೈಲ್ವೆ ನೌಕರರು ಕೇಳಿದ್ದು ಬೋನಸ್, ಒಳ್ಳೆಯ ಸಂಬಳ, ಎಂಟು ಗಂಟೆಯ ಕೆಲಸ. ಮುಷ್ಕರ ಶುರುವಾಗಬೇಕಿದ್ದದ್ದು ಮೇ 8ಕ್ಕೆ. ಮೇ 2ರಂದೇ ಲಕ್ನೋದಲ್ಲಿ ಜಾರ್ಜ್ ಅವರನ್ನು ಬಂಧಿಸಿದರು. ಆದರೂ ರೈಲು ನಿಂತವು. ಸುಮಾರು 17 ಲಕ್ಷ ಜನರ ಮುಷ್ಕರ, 20 ದಿನ. ಸಾವಿರಾರು ಜನರನ್ನು ಜೈಲಿಗೆ ಹಾಕಿದರು. ಹೆಂಡತಿ ಮಕ್ಕಳನ್ನು ರೈಲ್ವೆ ಕ್ವಾರ್ಟರ್ಸ್‌ನಿಂದ ಹೊರಗೆ ಹಾಕಿದರು. ಮನೆಯ ಯಜಮಾನ ಜೈಲಲ್ಲಿ, ಪಾತ್ರೆಪಗಡ ಬೀದಿಯಲ್ಲಿ. ಮುಷ್ಕರ ಮುರಿಯಿತು. ಕೈಗೆ ಏನೂ ಬರಲಿಲ್ಲ.

ಆದರೆ ಕೇಳಿದ್ದು ಸಾಯಲಿಲ್ಲ. ರೈಲ್ವೆಯಲ್ಲಿ ಉತ್ಪಾದನೆಗೆ ತಕ್ಕ ಬೋನಸ್ ಜಾರಿಗೆ ಬಂದದ್ದು 1979-80ರಲ್ಲಿ. ದಸರಾದಲ್ಲಿ ನಾವು ಕೇಳುವ ಸುದ್ದಿ ಅದೇ. ಅದನ್ನು ಸರ್ಕಾರದ ಉಡುಗೊರೆ ಎಂದು ಯಾರಾದರೂ ಹೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ.

ತುರ್ತುಪರಿಸ್ಥಿತಿಯ ಕಥೆ ನಿಮಗೆ ಗೊತ್ತು. ಜಾರ್ಜ್ ಭೂಗತರಾದರು, ಸರ್ಕಾರದ ವಿರುದ್ಧ ಸ್ಫೋಟಕ್ಕೆ ಸಂಚು ಮಾಡಿದರೆಂಬ ಬರೋಡಾ ಡೈನಮೈಟ್ ಪ್ರಕರಣ ಬಿತ್ತು. ಆದರೆ ಅದರ ಬೆಲೆ ತೆತ್ತವರಲ್ಲಿ ಬೆಂಗಳೂರಿನವರೂ ಇದ್ದರು. ಜಾರ್ಜ್ ಅವರ ತಮ್ಮ ಲಾರೆನ್ಸ್‌ನನ್ನು ಇಲ್ಲೇ ಹಿಡಿದು ಹಿಂಸೆ ಕೊಟ್ಟರು. ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಆಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಕ್ಕೆ ತೀರಿಕೊಂಡರು. ಜನವರಿ 1977. ಆ ಹೆಸರನ್ನು ನಾವು ಜಾಸ್ತಿ ಹೇಳಬೇಕು.

ಅದೇ ವರ್ಷ ಜಾರ್ಜ್ ಜೈಲಿನಿಂದಲೇ ಬಿಹಾರದ ಮುಜಫ್ಫರ್‌ಪುರದಲ್ಲಿ 3 ಲಕ್ಷಕ್ಕೂ ಜಾಸ್ತಿ ಮತಗಳ ಅಂತರದಿಂದ ಗೆದ್ದು ಮಂತ್ರಿಯಾದರು. ಮುಂದೆ ರೈಲ್ವೆ ಮಂತ್ರಿಯಾದಾಗ ಕೊಂಕಣ ರೈಲ್ವೆಗೆ ನಿಗಮ ಮಾಡಿ, ಎಂಜಿನಿಯರ್ ಇ. ಶ್ರೀಧರನ್ ಅವರ ಕೈಗೆ ಕೊಟ್ಟರು. ರಕ್ಷಣಾ ಮಂತ್ರಿಯಾಗಿದ್ದಾಗಿನ ಒಂದು ಸಂಗತಿ ನನಗೆ ತುಂಬ ಇಷ್ಟ. ಸಿಯಾಚಿನ್ ಸೈನಿಕರಿಗೆ ಬೇಕಿದ್ದ ಹಿಮದ ಸ್ಕೂಟರ್‌ಗಳ ಫೈಲನ್ನು ಅಧಿಕಾರಿಗಳು ಇಟ್ಟುಕೊಂಡು ಕೂತಿದ್ದರು. ಅವರನ್ನೇ ಸಿಯಾಚಿನ್‌ಗೆ ಹೋಗಿ ನೋಡಿಕೊಂಡು ಬನ್ನಿ ಎಂದು ಕಳಿಸಿದರು. ಸೆಮಿನರಿಯ ಮೇಜು ನೆನಪಾಗುತ್ತದೆ, ಅಲ್ವಾ?

ನೋವೂ ಹೇಳಬೇಕು. 1979ರಲ್ಲಿ ಮೊರಾರ್ಜಿ ಸರ್ಕಾರವನ್ನು ಸದನದಲ್ಲಿ ಗಟ್ಟಿಯಾಗಿ ಸಮರ್ಥಿಸಿ, ಕೆಲವೇ ದಿನದಲ್ಲಿ ಅದನ್ನೇ ಬಿಟ್ಟರು. 2002ರಲ್ಲಿ ಗುಜರಾತ್ ಗಲಭೆಯ ಚರ್ಚೆಯಲ್ಲಿ ಅವರಾಡಿದ ಮಾತು ನನಗೆ ಇಂದಿಗೂ ಮುಳ್ಳು. ನೊಂದವರ ಪಕ್ಕ ನಿಲ್ಲಬೇಕಾಗಿದ್ದ ಮನುಷ್ಯ ಸರ್ಕಾರದ ಪರ ನಿಂತರು. ಬೇರೆಯವರಾಗಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

2019ರ ಜನವರಿ 29ಕ್ಕೆ ಅವರು ಹೋದರು. 74ರ ಮುಷ್ಕರ ಕಂಡವರಿಗೂ ಈಗ ವಯಸ್ಸಾಗಿದೆ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದ ಅಜ್ಜ ನಿಮ್ಮ ಮನೆಯಲ್ಲಿದ್ದರೆ, ಆ 20 ದಿನ ಒಲೆ ಹೇಗೆ ಹೊತ್ತಿತು ಎಂದು ಕೇಳಿ. ಅಜ್ಜಿ ಇದ್ದರೆ ಅವರನ್ನೇ ಮೊದಲು ಕೇಳಿ. ಕೇಳಿದ್ದನ್ನು ನನಗೂ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದುತ್ತೇನೆ.