ಪ್ಲಾಟಿನಂ ನಾಣ್ಯ ಹಿಡ್ಕೊಂಡು ಮಂಡಿಪೇಟೆಗೆ ಹೋದ್ವಿ

ನಮಸ್ಕಾರ ರೀ. ಹೋದ ವಾರ ಚನ್ನಗಿರಿ ಕಡೆಯಿಂದ ನಮ್ಮ ಸೋದರಮಾವ ಬಂದಿದ್ರು, ಜೇಬಲ್ಲಿ ಒಂದು ಪ್ಲಾಟಿನಂ ನಾಣ್ಯ. ಅಡಿಕೆ ದುಡ್ಡಲ್ಲಿ ಆನ್‌ಲೈನಲ್ಲಿ ತರಿಸಿದ್ದು. ಒಂದು ಔನ್ಸ್, ಅಂದ್ರೆ 31.1 ಗ್ರಾಂ. ಮಗಳ ಕಾಲೇಜು ಫೀಸಿಗೆ ಮಾರಿಬಿಡೋಣ ಅಂತ ದಾವಣಗೆರೆ ಮಂಡಿಪೇಟೆಗೆ ಕರ್ಕೊಂಡು ಹೋದೆ.

ಮೊದಲ ಅಂಗಡಿಯವರು ಅಂಗೈಲಿಟ್ಟು ತೂಗಿ, "ಬೆಳ್ಳಿ ಇಷ್ಟು ಭಾರ ಇರಲ್ಲವಲ್ಲ ಅಣ್ಣಾ" ಅಂದ್ರು. ಅವರ ಕೈ ಸುಳ್ಳು ಹೇಳಲಿಲ್ಲ, ಅದೇ ಗಾತ್ರದ ಬೆಳ್ಳಿಗಿಂತ ಪ್ಲಾಟಿನಂ ಎರಡು ಪಟ್ಟು ತೂಕ. ಆದ್ರೆ ರೇಟ್ ಹೇಳೋಕೆ ಬಾಯಿ ಬರಲಿಲ್ಲ. ಎರಡನೆಯವರು "ಬೆಂಗಳೂರಿಗೆ ಒಯ್ಯಿರಿ" ಅಂದ್ರು. ಮೂರನೆಯವರು ಹೇಳಿದ ಬೆಲೆ ಕೇಳಿ ಮಾವ ನಾಣ್ಯ ಜೇಬಿಗೆ ಹಾಕ್ಕೊಂಡು, "ನಡಿಯೋ, ಬೆಣ್ಣೆದೋಸೆ ತಿನ್ನೋಣ" ಅಂದ್ರು.

ನಾಣ್ಯದಲ್ಲಿ ಮೋಸ ಇರಲಿಲ್ಲ ರೀ. ಅಮೆರಿಕದ 'ಈಗಲ್' ಅನ್ನೋ ನಾಣ್ಯ ಅದು, 1997ರಿಂದ ಅಲ್ಲಿನ ಸರ್ಕಾರಿ ಟಂಕಸಾಲೆಯಲ್ಲೇ ಅಚ್ಚಾಗ್ತಿರೋದು, 99.95 ಶುದ್ಧ. ಲೋಹ ಚೊಕ್ಕ, ನಮ್ಮೂರಲ್ಲಿ ಗಿರಾಕಿ ಇಲ್ಲ, ಅಷ್ಟೇ.

"ಬಂಗಾರಕ್ಕಿಂತ ಅಪರೂಪದ ಲೋಹ, ಬೆಲೆ ಬಂದೇ ಬರುತ್ತೆ" ಅನ್ನೋದು ಮಾವನ ಲೆಕ್ಕ. ಈ ಮಾತು ನಾನು ಒಪ್ಪಲ್ಲ. ಅಪರೂಪ ಹೌದು, ಗಣಿಯಿಂದ ಬರೋದರಲ್ಲಿ ಸಿಂಹಪಾಲು ದಕ್ಷಿಣ ಆಫ್ರಿಕಾ ಒಂದೇ ದೇಶದ್ದು. (ಮಾವನ ತಾಲೂಕಿನ ಹನುಮಲಾಪುರದ ಕಲ್ಲಲ್ಲೂ ಪ್ಲಾಟಿನಂ ಮತ್ತು ಅದರ ಜಾತಿಯ ಲೋಹಗಳ ಸುಳಿವು ಸಿಕ್ಕಿದೆ. ಅದನ್ನ ಹೇಳದೆ ಅವರು ಮಾತು ಮುಗಿಸಲ್ಲ!) ಆದ್ರೆ ಬೇಡಿಕೆ ಎಲ್ಲಿಂದ ಬರುತ್ತೆ ನೋಡಿ. ಒಡವೆಗೆ ಹೋಗೋದೂ ಉಂಟು, ಆದ್ರೆ ದೊಡ್ಡ ಪಾಲು ಕಾರಿನ ಹೊಗೆ ಕೊಳವೆಗೆ, ಅದರಲ್ಲೂ ಡೀಸೆಲ್ ಗಾಡಿಗೆ. ಹೊಗೆಯ ವಿಷ ಕಮ್ಮಿ ಮಾಡೋಕೆ ಅಲ್ಲಿ ಪ್ಲಾಟಿನಂ ಲೇಪ ಬೇಕು. ಹಂಗಾಗಿ ಇದನ್ನ ಕೊಳ್ಳೋನು ಲಕ್ಷ್ಮಿಯ ಜೊತೆಗಲ್ಲ, ಕಾರ್ಖಾನೆ ಜೊತೆಗೆ ಪಾಲುದಾರ ಆಗ್ತಾನೆ. 2008ರ ಮಾರ್ಚಲ್ಲಿ ಪ್ಲಾಟಿನಂ ಬೆಲೆ ಔನ್ಸಿಗೆ 2,200 ಡಾಲರ್ ದಾಟಿತ್ತು. ಜಗತ್ತಲ್ಲಿ ಕಾರು ಮಾರಾಟ ಬಿದ್ದು ಅದೇ ವರ್ಷದ ಕೊನೇಲಿ 800ರ ಆಸುಪಾಸಿಗೆ ಇಳೀತು. ಒಂದೇ ವರ್ಷದಲ್ಲಿ! 2015ರಲ್ಲಿ ಫೋಕ್ಸ್‌ವ್ಯಾಗನ್ ಕಾರು ಕಂಪನಿ ಡೀಸೆಲ್ ಗಾಡಿಗಳ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದ್ದು ಹೊರಬಿದ್ದಾಗಲೂ ಪ್ಲಾಟಿನಂ ಬೆಲೆಗೇ ಏಟು. 2025ರಲ್ಲಿ ಜೋರಾಗಿ ಏರಿತು, ಇಲ್ಲ ಅನ್ನಲ್ಲ. ಆ ಏರಿಕೆ ನೋಡೇ ನಮ್ಮ ಮಾವ ಬಿದ್ದಿದ್ದು.

ಇನ್ನು ಕೊಳ್ಳುವಾಗ 3% ಜಿಎಸ್‌ಟಿ, ಮೇಲೆ ನಾಣ್ಯದ ಅಚ್ಚಿನ ಖರ್ಚು, ವ್ಯಾಪಾರಿ ಲಾಭ. ಮಾರುವಾಗ ಇದ್ಯಾವುದೂ ವಾಪಸ್ ಬರಲ್ಲ.

ಬಂಗಾರದ ಕಥೆ ಬೇರೆ ರೀ. ನಮ್ಮವ್ವನ ಎರಡೆಳೆ ಸರ ಎಷ್ಟು ಸಲ ಬ್ಯಾಂಕಿಗೆ ಹೋಗಿ ಬಂದೈತೋ ಲೆಕ್ಕ ಇಲ್ಲ. ಬಿತ್ತನೆ ಟೈಮಿಗೆ ಹೋಗುತ್ತೆ, ಮೆಕ್ಕೆಜೋಳ ಮಾರಿದ ಮೇಲೆ ಕೊರಳಿಗೆ ಬರುತ್ತೆ. ಈ ಪ್ಲಾಟಿನಂ ಹಿಡ್ಕೊಂಡು ಗೋಲ್ಡ್ ಲೋನ್ ಕೌಂಟರ್ ಮುಂದೆ ನಿಂತ್ರೆ ಏನಂತಾರೆ? ಹೆಸರಲ್ಲೇ ಗೋಲ್ಡ್ ಐತಲ್ಲಪ್ಪ!

ಹತ್ತು ವರ್ಷ ಮುಟ್ಟದ ದುಡ್ಡಿದ್ದು, ಬೆಂಗಳೂರು ಮುಂಬೈಯಲ್ಲಿ ಕೊಳ್ಳೋ ವ್ಯಾಪಾರಿ ಗೊತ್ತಿದ್ರೆ ಒಂದು ತಗೊಳ್ರಿ, ಬೇಡ ಅನ್ನಲ್ಲ. ಫೀಸಿನ ದುಡ್ಡು, ಮದುವೆ ದುಡ್ಡು ಮಾತ್ರ ಇದಕ್ಕೆ ಹಾಕಬೇಡ್ರಿ.

ಫೀಸು ಕೊನೆಗೆ ಅತ್ತೆಯ ಬಳೆ ಅಡ ಇಟ್ಟು ಕಟ್ಟಿದ್ರು. ನಾಣ್ಯ ಬೀರುವಿನಲ್ಲೈತೆ. ಮಾವ ಈಗ ದಿನಾ ಬೆಳಿಗ್ಗೆ ಪೇಪರ್ ತಿರುವಿ ಬಂಗಾರ, ಬೆಳ್ಳಿ ರೇಟಿನ ಕೆಳಗೆ ಮೂರನೇ ಸಾಲು ಹುಡುಕ್ತಾರೆ.