ಮರ ಸಿಕ್ಕರೆ ಸಾಲದು: ಕಾಡು ಟರ್ಕಿಯ ಸಂಜೆ, ರಾತ್ರಿ, ಬೆಳಗು

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಕೆಲವರು ಆಗಲೇ ಬೇಟೆ ತರಬೇತಿ ಮುಗಿಸಿ ಲೈಸೆನ್ಸ್ ತೆಗೆದುಕೊಂಡಿದ್ದೀರಿ. ಇನ್ನು ಕೆಲವರು "ಊರಲ್ಲಿ ಬೇಟೆ ಅಂದರೆ ಜೈಲು, ಇಲ್ಲಿ ಅದಕ್ಕೂ ಒಂದು ಉಪನ್ಯಾಸನಾ" ಅಂತ ನೋಡೋಕೆ ಬಂದಿದ್ದೀರಿ. ಎರಡೂ ಸರಿಯೇ. ಕರ್ನಾಟಕದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಮಾತು ಮುಗಿಯಿತು, ಮುಗಿದದ್ದು ಒಳ್ಳೆಯದೇ. ಅಮೆರಿಕದ ಕಥೆ ಬೇರೆ. 1930ರ ದಶಕದ ಹೊತ್ತಿಗೆ ಇಡೀ ದೇಶದಲ್ಲಿ ಕಾಡು ಟರ್ಕಿ ಕೋಳಿ ಎರಡು ಲಕ್ಷವೂ ಇರಲಿಲ್ಲ ಅನ್ನುವ ಅಂದಾಜಿದೆ. ಕಾಡು ಕಡಿದು, ಲೆಕ್ಕವಿಲ್ಲದೆ ಹೊಡೆದು ಅಲ್ಲಿಗೆ ತಂದಿದ್ದರು. 1937ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂತು. ಬಂದೂಕು ಮತ್ತು ತೋಟಾಗಳ ಮೇಲಿನ ತೆರಿಗೆ ಸೀದಾ ವನ್ಯಜೀವಿಗಳ ಕೆಲಸಕ್ಕೆ ಹೋಗತೊಡಗಿತು. ಸಾಕಿದ ಟರ್ಕಿಗಳನ್ನು ಕಾಡಿಗೆ ಬಿಟ್ಟು ನೋಡಿದರು, ಅವು ಬದುಕಲಿಲ್ಲ. ಆಮೇಲೆ ಫಿರಂಗಿಯಿಂದ ಹಾರಿಸುವ ಬಲೆ ಹಾಕಿ ಕಾಡು ಹಕ್ಕಿಗಳನ್ನೇ ಹಿಡಿದು, ಹಕ್ಕಿ ಇಲ್ಲದ ಕಡೆ ಬಿಟ್ಟರು. ಅದು ಫಲ ಕೊಟ್ಟಿತು. ಇವತ್ತು ಅರವತ್ತು ಲಕ್ಷದ ಆಸುಪಾಸು ಇವೆ. ದಕ್ಷಿಣದ ಕೆಲವು ರಾಜ್ಯಗಳಲ್ಲಿ ಮತ್ತೆ ಇಳಿಮುಖವಾಗಿವೆ, ಅದು ಬೇರೆಯೇ ದೊಡ್ಡ ವಿಷಯ.

ಇವತ್ತು ನಾನು ಹೇಳೋದು ಒಂದೇ. ಹುಂಜ ರಾತ್ರಿ ಕೂತ ಮರ ಗೊತ್ತಾದರೆ ಅರ್ಧ ಕೆಲಸವೂ ಆಗಿಲ್ಲ. ಮರದಿಂದ ಇಳಿದ ಮೇಲೆ ಅದು ಎಲ್ಲಿಗೆ ಹೋಗಬೇಕು ಅಂದುಕೊಂಡಿದೆ, ಅದು ಗೊತ್ತಾಗಬೇಕು.

ಮೊದಲು, ಮರ ಯಾಕೆ ಹತ್ತುತ್ತದೆ? ಟರ್ಕಿ ಹಗಲಿನ ಹಕ್ಕಿ. ತಲೆ ಅಲ್ಲಾಡಿಸದೆಯೇ ಸುತ್ತಲ ಮುಕ್ಕಾಲು ಭಾಗ ಅದಕ್ಕೆ ಕಾಣುತ್ತದೆ, ಬಣ್ಣವೂ ಚೆನ್ನಾಗಿ ಗೊತ್ತಾಗುತ್ತದೆ. ಕತ್ತಲಾದರೆ ಮಾತ್ರ ಅದರ ಕಣ್ಣು ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ನೆಲದ ಮೇಲೆ ಕಾಯೋಟೆ (ತೋಳದ ಜಾತಿಯ ಪ್ರಾಣಿ), ಬಾಬ್‌ಕ್ಯಾಟ್ (ಇಲ್ಲಿನ ಕಾಡುಬೆಕ್ಕು), ನರಿ ಓಡಾಡುವ ಹೊತ್ತು ಅದು. ಹಾಗಾಗಿ ಎಂಟು ಹತ್ತು ಕೆಜಿ ತೂಗುವ ಹುಂಜ ಕೂಡ ರೆಕ್ಕೆ ಬಡಿದುಕೊಂಡು ಮೇಲೆ ಹೋಗಲೇಬೇಕು. ಮೇಲೂ ಪೂರ್ತಿ ಕ್ಷೇಮವಿಲ್ಲ. ದೊಡ್ಡ ಕೊಂಬಿನ ಗೂಬೆ ಕೊಂಬೆಯ ಮೇಲೆ ಮಲಗಿದ ಟರ್ಕಿಯ ಮೇಲೇ ಎರಗುತ್ತದೆ. ಊರಲ್ಲಿ ಸಂಜೆ ನವಿಲುಗಳು ಕೂಗಾಡಿಕೊಂಡು ಒಂದೊಂದಾಗಿ ದೊಡ್ಡ ಮರ ಏರುವುದನ್ನು ನೋಡಿದವರಿಗೆ ಈ ನಡವಳಿಕೆ ಹೊಸದಲ್ಲ, ಎರಡೂ ಒಂದೇ ಕುಟುಂಬದವು.

ಯಾವ ಮರ ಅನ್ನುವುದು ಜಾಗದ ಮೇಲೆ, ಅಲ್ಲಿರುವ ಟರ್ಕಿಯ ಉಪಜಾತಿಯ ಮೇಲೆ ಹೋಗುತ್ತದೆ. ಪೆನ್ಸಿಲ್ವೇನಿಯಾ, ಮಿಸೌರಿ ಕಡೆಯ ಪೂರ್ವದ ಟರ್ಕಿಗೆ ಅಡ್ಡಕ್ಕೆ ಚಾಚಿದ ದಪ್ಪ ಕೊಂಬೆಗಳಿರುವ ದೊಡ್ಡ ಓಕ್, ಸಿಕಮೋರ್, ಪೈನ್ ಇಷ್ಟ. ಗುಡ್ಡವಿದ್ದರೆ ಇಳಿಜಾರಿನ ಮೇಲ್ಭಾಗ ಹುಡುಕಿ. ಅದರ ಹಿಂದೆ ಒಂದು ಜಾಣತನವಿದೆ. ಹಕ್ಕಿ ನಡೆದುಕೊಂಡು ಗುಡ್ಡದ ಏಣಿನ ಹತ್ತಿರ ಬಂದು, ಅಲ್ಲಿಂದ ಕೆಳಗಿರುವ ಮರದ ನೆತ್ತಿಗೆ ಹಾರಿದರೆ ಜಾಸ್ತಿ ಏರಬೇಕಾಗಿಲ್ಲ. ಬೆಳಗ್ಗೆಯೂ ಹಾಗೇ, ಬಹಳ ಸಲ ಮೇಲಿನ ಕಡೆಯ ನೆಲಕ್ಕೇ ತೇಲಿಕೊಂಡು ಬರುತ್ತದೆ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ದಕ್ಷಿಣದ ಜೌಗು ಕಾಡುಗಳಲ್ಲಿ ನೀರಿನ ಮೇಲೆ ನಿಂತ ಸೈಪ್ರಸ್ ಮರ ಹತ್ತುತ್ತವೆ, ಕೆಳಗೆ ಯಾರಾದರೂ ಬಂದರೆ ಸದ್ದಾಗುತ್ತದೆ ನೋಡಿ. ಪಶ್ಚಿಮದ ಬೆಟ್ಟಗಳ ಮೆರಿಯಮ್ ಟರ್ಕಿಗೆ ಪಾಂಡರೋಸಾ ಪೈನ್. ಟೆಕ್ಸಸ್ಸಿನ ರಿಯೋ ಗ್ರಾಂಡೆ ಟರ್ಕಿಯ ಕಷ್ಟ ಬೇರೆ, ಅಲ್ಲಿ ಎತ್ತರದ ಮರಗಳೇ ಕಮ್ಮಿ. ಹಾಗಾಗಿ ಹಳ್ಳದ ಪಕ್ಕದ ನಾಲ್ಕು ಮರಕ್ಕೇ ವರ್ಷಗಟ್ಟಲೆ ಬರುತ್ತವೆ, ಚಳಿಗಾಲದಲ್ಲಿ ನೂರಾರು ಒಂದೇ ಕಡೆ, ಕೆಲವು ಕಡೆ ಮರ ಬಿಟ್ಟು ವಿದ್ಯುತ್ ಗೋಪುರಗಳನ್ನೂ ಹತ್ತುತ್ತವೆ.

ಪೂರ್ವದ ಹುಂಜಕ್ಕೆ ಆ ನಿಷ್ಠೆ ಇಲ್ಲ. ಮರಗಳು ಎಲ್ಲೆಲ್ಲೂ ಇವೆ, ನಿನ್ನೆ ಇಲ್ಲಿ, ಇವತ್ತು ಇನ್ನೊಂದು ಗುಡ್ಡದಲ್ಲಿ. ಆದರೂ ಒಂದಷ್ಟು ಮೆಚ್ಚಿನ ಜಾಗಗಳಿರುತ್ತವೆ. ಗಾಳಿ ಜೋರಾಗಿದ್ದರೆ ಗಾಳಿ ತಾಗದ ಇಳಿಜಾರಿಗೆ, ಕೆಳಗಿನ ಕಣಿವೆಗೆ ಸರಿಯುತ್ತದೆ. ಮರದ ಬುಡದಲ್ಲಿ ಹಿಕ್ಕೆ, ಗರಿ ಬಿದ್ದಿವೆಯಾ ನೋಡಿ. ಒಂದು ತುದಿ ಬಾಗಿದ ಉದ್ದನೆಯ ಹಿಕ್ಕೆ ಹುಂಜದ್ದು, ಸುರುಳಿಯಾಗಿ ಗುಡ್ಡೆ ಬಿದ್ದದ್ದು ಹೇಂಟೆಯದು. ಹಗಲು ಹೊತ್ತಲ್ಲಿ ಹೋಗಿ ನೋಡಿ ಬನ್ನಿ. ಸಂಜೆ ಆ ಬುಡಕ್ಕೆ ಹೋಗಲೇಬೇಡಿ.

ನನ್ನ ಪ್ರಕಾರ ಬೇಟೆ ನಡೆಯುವುದೇ ಹಿಂದಿನ ದಿನದ ಸಂಜೆ. ಸೂರ್ಯ ಮುಳುಗುವ ಮುಂಚೆ ಹಕ್ಕಿಗಳು ಮೇಯುತ್ತಲೇ ಮರದ ಕಡೆ ಸರಿಯುತ್ತವೆ. ಮುಳುಗುವ ಹೊತ್ತಿಗೆ, ಕೆಲವು ಸಲ ಪೂರ್ತಿ ಮಬ್ಬಾದ ಮೇಲೆ, ದಪದಪ ರೆಕ್ಕೆ ಸದ್ದು ಕೇಳುತ್ತದೆ. ಟರ್ಕಿ ಸದ್ದಿಲ್ಲದೆ ಮರ ಹತ್ತುವ ಹಕ್ಕಿ ಅಲ್ಲ. ದೂರದಲ್ಲಿ, ಒಂದು ಎತ್ತರದ ಜಾಗದಲ್ಲಿ ನಿಂತು ಸುಮ್ನೆ ಕೇಳಿ. ಏನೂ ಕೇಳಿಸದಿದ್ದರೆ ಗೂಬೆಯ ಕೂಗು ಕೂಗಿ, ಇಲ್ಲಿ ಎಲ್ಲರೂ ಮಾಡುವುದು ಬಾರ್ಡ್ ಗೂಬೆಯ ಕೂಗನ್ನೇ. ವಸಂತದಲ್ಲಿ ಹುಂಜಕ್ಕೆ ತಡೆಯೋಕೆ ಆಗುವುದಿಲ್ಲ, ಗೂಬೆಗೆ, ಕಾಗೆಗೆ, ಗುಡುಗಿಗೆ, ಕಾರಿನ ಬಾಗಿಲು ಬಡಿದ ಸದ್ದಿಗೂ ಮೈಮರೆತು ಗೊಬಗೊಬ ಅಂದುಬಿಡುತ್ತದೆ. ಹೇಂಟೆಯ ಕೂಗನ್ನು ಮಾತ್ರ ಸಂಜೆ ಕೂಗಬೇಡಿ. ಉತ್ತರ ಬಂತಾ, ಫೋನಿನ ಮ್ಯಾಪಲ್ಲಿ ಗುರುತು ಹಾಕಿ, ಕತ್ತಲಾಗಲು ಬಿಟ್ಟು, ಬಂದ ದಾರಿಯಲ್ಲೇ ಹೊರಡಿ. ಉತ್ತರ ಬರಲಿಲ್ಲ ಅಂದರೆ ಹಕ್ಕಿ ಇಲ್ಲ ಅಂತಲ್ಲ, ಅದಕ್ಕೆ ಮೂಡು ಇಲ್ಲ ಅಷ್ಟೇ.

ಇಲ್ಲಿ ಇನ್ನೊಂದು ಕೆಲಸ ಜನ ಮರೆಯುತ್ತಾರೆ. ಹೇಂಟೆಗಳು ಎಲ್ಲಿ ಹತ್ತಿದವು? ಮರದ ಸುತ್ತ ಬಯಲು ಎಲ್ಲಿದೆ, ಹುಲ್ಲುಗಾವಲೋ, ಹಳೆಯ ಮರದ ಲಾರಿಗಳ ದಾರಿಯೋ? ಹುಂಜ ಗರಿ ಬಿಚ್ಚಿ ಕುಣಿಯೋಕೆ ಬಯಲು ಬೇಕು, ಹೇಂಟೆಗೆ ಹುಳು ಹುಪ್ಪಟೆ ಬೇಕು. ಬೆಳಗಿನ ದಾರಿ ಹಾಕಿಕೊಡುವುದು ಈ ಎರಡು ಆಸೆಗಳೇ.

ಮರುದಿನ ಪೂರ್ತಿ ಕತ್ತಲಿರುವಾಗಲೇ ಹೋಗಿ ಕೂರಬೇಕು. ಎಷ್ಟು ದೂರ? ನೂರರಿಂದ ನೂರೈವತ್ತು ಗಜ ಅಂತ ಹೇಳುತ್ತಾರೆ. ವಸಂತದ ಬೇಟೆ ಸೀಸನ್ ಶುರುವಿನಲ್ಲಿ ಮರಗಳಲ್ಲಿ ಎಲೆ ಇರುವುದಿಲ್ಲ, ಆಗ ಇನ್ನೂ ಹಿಂದೆ ಕೂತರೂ ನಷ್ಟವಿಲ್ಲ. ಹೊಸಬರಿಗೆ ಐವತ್ತು ಗಜಕ್ಕೆ ನುಸುಳುವ ಆಸೆ ಜಾಸ್ತಿ. ಕೊಂಬೆಯ ಮೇಲೆ ಕೂತ ಹಕ್ಕಿಗೆ ನೀವು ಕೆಳಗೆ ಹೆಜ್ಜೆ ಹಾಕುವುದು ಕೇಳುತ್ತದೆ, ಬೆಳಕು ಬಂದ ಮೇಲೆ ಕಾಣುತ್ತದೆ, ಅದು ಇನ್ನೊಂದು ದಿಕ್ಕಿಗೆ ಹಾರಿ ಹೋದರೆ ಆ ದಿನದ ಕಥೆ ಮುಗಿಯಿತು. ಬೆಳಗ್ಗೆ ಮೇಲಿನ ಕಡೆಯ ನೆಲಕ್ಕೇ ಇಳಿಯುತ್ತದೆ ಅಂದೆನಲ್ಲ, ಹಾಗಾಗಿ ಇಳಿಜಾರಿನಲ್ಲಿ ಹುಂಜದ ಸಮಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ಕೂರಿ. ನಡುವೆ ಹಳ್ಳ, ಬೇಲಿ, ಮುಳ್ಳು ಪೊದೆ ಇರಬಾರದು. ಹಾರೋಕೆ ಬರುವ ಹಕ್ಕಿ ನಾಲ್ಕಡಿ ಬೇಲಿಯ ಮುಂದೆ ಅರ್ಧ ಗಂಟೆ ಆಚೀಚೆ ಓಡಾಡುತ್ತದೆ, ದಾಟುವುದಿಲ್ಲ. ಯಾಕೋ ಹಾಗೆ!

ಈಗ ಮುಖ್ಯವಾದದ್ದು. ಟರ್ಕಿಗಳ ಲೋಕದಲ್ಲಿ ಹುಂಜ ಕೂಗುತ್ತದೆ, ಹೇಂಟೆ ಅದರ ಹತ್ತಿರ ಹೋಗುತ್ತದೆ. ನಾವು ಉಲ್ಟಾ ಮಾಡಿಸೋಕೆ ಹೊರಟಿದ್ದೇವೆ. ಹುಂಜ ಇನ್ನೂ ಮರದ ಮೇಲಿರುವಾಗ ನೀವು ಕೂಗುವ ಡಬ್ಬಿ (ಉಜ್ಜಿದರೆ ಹೇಂಟೆಯ ಸದ್ದು ಬರುವ ಮರದ ಡಬ್ಬಿ) ಉಜ್ಜಿ ಉಜ್ಜಿ ಹೇಂಟೆಯ ಹಾಗೆ ಕೂಗಿದರೆ, ಅದು "ಸರಿ, ಬಾ" ಅಂತ ಅಲ್ಲೇ ಕೂತು ನೋಡುತ್ತದೆ. ಹೇಂಟೆ ಕಾಣುವ ತನಕ ಇಳಿಯುವುದೇ ಇಲ್ಲ. ನಿಮ್ಮ ಜಾಗ ಅದಕ್ಕೆ ಮೇಲಿಂದ ಪೂರ್ತಿ ಕಾಣುತ್ತಿದ್ದರಂತೂ ಕೆಟ್ಟಿರಿ, ಕೂಗುವ ಹೇಂಟೆ ಅಲ್ಲಿಲ್ಲ ಅನ್ನುವುದು ಅದಕ್ಕೆ ಕಾಣುತ್ತಲೇ ಇರುತ್ತದೆ. ಅದಕ್ಕೇ ಒಂದು ತಿರುವಿನ ಆಚೆ, ಒಂದು ಉಬ್ಬಿನ ಹಿಂದೆ ಕೂರಬೇಕು, ನೋಡಬೇಕು ಅಂದರೆ ಅದು ನಡೆದೇ ಬರಬೇಕು, ಬಂದು ತಲೆ ಎತ್ತಿದಾಗ ನಲವತ್ತು ಗಜದ ಒಳಗೆ ಇರಬೇಕು. ಮರದಲ್ಲಿರುವಾಗ ಮೆಲ್ಲಗೆ ನಿದ್ದೆಗಣ್ಣಿನ ಎರಡು ಕೂಗು ಸಾಕು. ಅದು ಉತ್ತರ ಕೊಟ್ಟರೆ ನೀವು ಬಾಯಿ ಮುಚ್ಚಿ. ಇಳಿದ ಸದ್ದು ಕೇಳಿದ ಮೇಲೆ ಮಾತು ಮುಂದುವರಿಸಿ.

ಇಷ್ಟೆಲ್ಲಾ ಮಾಡಿದರೂ ನಿಜವಾದ ಹೇಂಟೆಗಳು ಬಂದು ಹುಂಜವನ್ನು ಕರೆದುಕೊಂಡು ಹೋಗುವುದೇ ಜಾಸ್ತಿ. ಆಗ ಎದ್ದು ಮನೆಗೆ ಹೋಗಬೇಡಿ. ಹೇಂಟೆ ದಿನಕ್ಕೊಂದರಂತೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತದೆ, ಅದಕ್ಕಾಗಿ ಬೆಳಗ್ಗೆ ಸ್ವಲ್ಪ ಹೊತ್ತಾದ ಮೇಲೆ ಹುಂಜವನ್ನು ಬಿಟ್ಟು ಗೂಡಿಗೆ ಜಾರಿಕೊಳ್ಳುತ್ತದೆ. ಒಂಬತ್ತು ಹತ್ತು ಗಂಟೆಗೆ ಒಂಟಿಯಾದ ಹುಂಜ, ನಸುಕಿನಲ್ಲಿ ನಿಮ್ಮನ್ನು ಕೇರೇ ಮಾಡದ ಅದೇ ಹುಂಜ, ಓಡಿಕೊಂಡು ಬರಬಹುದು. ಕಾವಿಗೆ ಕೂತ ಮೇಲಂತೂ ಹೇಂಟೆ ಸುಮಾರು 28 ದಿನ ರಾತ್ರಿಯೂ ಮರ ಹತ್ತುವುದಿಲ್ಲ, ನೆಲದ ಗೂಡಲ್ಲೇ ಇರುತ್ತದೆ. ಮರಿಗಳಾದ ಮೇಲೂ ಅವಕ್ಕೆ ಹಾರೋಕೆ ಬರುವ ತನಕ, ಎರಡು ವಾರದಷ್ಟು, ನೆಲದಲ್ಲೇ ರೆಕ್ಕೆಯಡಿ ಮಲಗಿಸಿಕೊಳ್ಳುತ್ತದೆ. ಮರಿಗಳು ಬಹಳಷ್ಟು ಸಾಯುವುದು ಆಗಲೇ.

ಒಂದೇ ಮರದಿಂದ ಎರಡು ಮೂರು ಹುಂಜ ಕೂಗಿದರೆ ಅವು ಅಣ್ಣತಮ್ಮಂದಿರಿರಬಹುದು. ಅಲನ್ ಕ್ರಾಕವರ್ ಎಂಬ ವಿಜ್ಞಾನಿ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದರು. ಒಟ್ಟಿಗೆ ಗರಿ ಬಿಚ್ಚಿ ಕುಣಿಯುವ ಹುಂಜಗಳು ಹತ್ತಿರದ ಸಂಬಂಧಿಗಳು, ಮರಿ ಹುಟ್ಟಿಸುವುದು ಮಾತ್ರ ಯಜಮಾನ ಹುಂಜ. ಉಳಿದದ್ದು ಅಣ್ಣನ ಮದುವೆಗೆ ದುಡಿಯುತ್ತದೆ, ಪಾಪ.

ಮರದ ಮೇಲೆ ಕೂತ ಹಕ್ಕಿಗೆ ಗುಂಡು ಹೊಡೆಯಬೇಡಿ. ಹಲವು ರಾಜ್ಯಗಳಲ್ಲಿ ಅದು ಅಪರಾಧ, ಅಪರಾಧ ಅಲ್ಲದ ಕಡೆಯೂ ನನಗೆ ಅದು ಬೇಟೆ ಅನ್ನಿಸುವುದಿಲ್ಲ. ಕೆಂಪು, ಬಿಳಿ, ನೀಲಿ ಬಟ್ಟೆ ಬೇಡವೇ ಬೇಡ, ಕರವಸ್ತ್ರ ಕಾಲುಚೀಲ ಕೂಡ. ವಸಂತದ ಹುಂಜದ ತಲೆ ಅದೇ ಮೂರು ಬಣ್ಣ, ಇನ್ನೊಬ್ಬ ಬೇಟೆಗಾರ ನಿಮ್ಮನ್ನೇ ಹುಂಜ ಅಂದುಕೊಂಡಾನು. ನಿಮ್ಮ ಭುಜಕ್ಕಿಂತ ಅಗಲದ ಮರಕ್ಕೆ ಬೆನ್ನು ಕೊಟ್ಟು ಕೂರಿ. ಇನ್ನೊಬ್ಬ ಬೇಟೆಗಾರ ಬಂದರೆ ಕೈ ಬೀಸಬೇಡಿ, ಗಟ್ಟಿಯಾಗಿ ಮಾತಾಡಿ. ಗೊಬಗೊಬ ಕೇಳಿದ ಕಡೆಗೆ ತೆವಳಿಕೊಂಡು ಹೋಗಬೇಡಿ, ಅಲ್ಲಿ ಕೂಗುತ್ತಿರುವುದು ಮನುಷ್ಯನೂ ಇರಬಹುದು.

ಎಚ್-1ಬಿ ಕೆಲಸದ ವೀಸಾ ಮೇಲಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: ನಾವು ಬಂದೂಕು ಮುಟ್ಟಬಹುದಾ? ತಾತ್ಕಾಲಿಕ ವೀಸಾದವರಿಗೆ ಫೆಡರಲ್ ಕಾನೂನಿನಲ್ಲಿ ನಿಷೇಧವಿದೆ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಅದರಲ್ಲೇ ವಿನಾಯಿತಿಯೂ ಇದೆ. ಆದರೆ ನನ್ನ ಮಾತು ನಂಬಿ ಅಂಗಡಿಗೆ ಹೋಗಬೇಡಿ, ಮೊದಲು ವಕೀಲರನ್ನು ಕೇಳಿ. ಹೊತ್ತು, ದಿನ, ಎಷ್ಟು ಹಕ್ಕಿ ಅನ್ನುವುದೆಲ್ಲ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಪ್ರತಿ ವರ್ಷ ಹೊಸ ನಿಯಮ ಪುಸ್ತಕ ನೋಡಿ.

ಕೂಗುವ ಡಬ್ಬಿ ಎರಡು ತಂದಿದ್ದೇನೆ, ಹಿಂದಿನ ಸಾಲಿಂದ ಶುರು ಮಾಡಿ, ಒಬ್ಬೊಬ್ಬರೇ ಉಜ್ಜಿ ನೋಡಿ. ಪ್ರಶ್ನೆಗಳನ್ನು ಅದರ ಜೊತೆಗೇ ಕೇಳಬಹುದು.