ಬಸುರಿ ಹುಡುಗಿಗೆ ಶಾಲೆ ಬಾಗಿಲು ಹಾಕಿದವರು

ಆಫ್ರಿಕಾದ ಹೆಣ್ಣುಮಕ್ಕಳ ಓದು ಅಂದ ತಕ್ಷಣ ನಮ್ಮಲ್ಲಿ ಕೇಳಿಬರೋದು ಒಂದೇ ಮಾತು. ಪಾಪ, ಬಡತನ, ಶಾಲೆ ದೂರ. ಸುಳ್ಳೇನಲ್ಲ. ಆದರೆ ಶಾಲೆ ಊರಲ್ಲೇ ಇದ್ದು, ಹುಡುಗಿಗೆ ಓದೋ ಆಸೆಯೂ ಇದ್ದು, ಸರ್ಕಾರವೇ ಅವಳನ್ನ ಹೊರಗೆ ನಿಲ್ಲಿಸಿದರೆ?

ಪಶ್ಚಿಮ ಆಫ್ರಿಕಾದ ದೇಶ ಸಿಯೆರಾ ಲಿಯೋನ್‌ನಲ್ಲಿ ಆಗಿದ್ದು ಅದೇ. 2014ರಲ್ಲಿ ಎಬೋಲಾ ಅನ್ನೋ ಮಾರಕ ಸಾಂಕ್ರಾಮಿಕ ರೋಗ ಬಂದು ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದವು. ಆ ಹೊತ್ತಲ್ಲಿ ಎಷ್ಟೋ ಹುಡುಗಿಯರು ಬಸಿರಾದರು. ಕೆಲವರ ಮೇಲೆ ಅತ್ಯಾಚಾರ ಆಗಿತ್ತು. ಕೆಲವರು ಹೊಟ್ಟೆಪಾಡಿಗೆ ಗಂಡಸರ ಹಂಗಿಗೆ ಬಿದ್ದಿದ್ದರು. 2015ರ ಏಪ್ರಿಲ್‌ನಲ್ಲಿ ಶಾಲೆ ತೆರೆಯೋ ಹೊತ್ತಿಗೆ ಸರ್ಕಾರದ ಆದೇಶ ಬಂತು: ಬಸುರಿಯರು ತರಗತಿಗೆ ಬರೋ ಹಾಗಿಲ್ಲ, ಪರೀಕ್ಷೆಗೂ ಕೂರೋ ಹಾಗಿಲ್ಲ. ಇವರನ್ನ ನೋಡಿ ಉಳಿದ ಹುಡುಗಿಯರು ಕೆಟ್ಟುಹೋಗ್ತಾರಂತೆ! ಬಸಿರು ಮಾಡಿದವನು ಅದೇ ಶಾಲೆಯ ಹುಡುಗನಾಗಿದ್ದರೆ ಅವನು ಆರಾಮಾಗಿ ಬೆಂಚಲ್ಲಿ ಕೂತಿರಬಹುದಿತ್ತು. ಕೆಲವು ಕಡೆ ಹುಡುಗಿಯರ ಹೊಟ್ಟೆ, ಎದೆ ಮುಟ್ಟಿ ತಪಾಸಣೆ ಮಾಡಿದ್ದೂ ಉಂಟು. ಬಸುರಿಯರಿಗೆ ಅಂತ ಬೇರೆ ಕಲಿಕಾ ಕೇಂದ್ರ ತೆರೆದರು. ಅಲ್ಲಿ ವಾರಕ್ಕೆ ಮೂರೇ ದಿನ ಪಾಠ, ವಿಷಯಗಳೂ ಕಡಿಮೆ.

2018ರಲ್ಲಿ ಹೊಸ ಸರ್ಕಾರ ಸರ್ಕಾರಿ ಶಾಲೆಗಳ ಫೀಸು ತೆಗೆದುಹಾಕ್ತು. ದೊಡ್ಡ ಕೆಲಸ, ಒಪ್ಪೋಣ. ಆದರೆ ಬಾಗಿಲೇ ಹಾಕಿರೋ ಹುಡುಗಿಗೆ ಫೀಸು ಮಾಫಿ ಮಾಡಿ ಏನು ಬಂತು? 2019ರ ಡಿಸೆಂಬರ್‌ನಲ್ಲಿ ಎಕೋವಾಸ್ ಕೋರ್ಟು, ಅಂದರೆ ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟದ ಕೋರ್ಟು, ಇದು ತಾರತಮ್ಯ, ತೆಗೀರಿ ಅಂತು. 2020ರ ಮಾರ್ಚ್ 30ಕ್ಕೆ ನಿಷೇಧ ಹೋಯ್ತು. ಗ್ರಹಚಾರ ನೋಡಿ, ಮರುದಿನವೇ ಆ ದೇಶದ ಮೊದಲ ಕೊರೊನಾ ಕೇಸು. ಶಾಲೆಗಳಿಗೆ ಮತ್ತೆ ಬೀಗ.

ಇದು ಒಂದೇ ದೇಶದ ಪಾಡಲ್ಲ. ಟಾಂಜಾನಿಯಾದ ಅಧ್ಯಕ್ಷ ಮಗುಫುಲಿ 2017ರಲ್ಲಿ, ಬಸಿರಾದ ಹುಡುಗಿಗೆ ಮತ್ತೆ ಶಾಲೆ ಇಲ್ಲ ಅಂತ ಬಹಿರಂಗ ಸಭೆಯಲ್ಲೇ ಹೇಳಿದರು. ಅವರು ತೀರಿಕೊಂಡ ಮೇಲೆ, 2021ರ ನವೆಂಬರ್‌ನಲ್ಲಿ, ದೇಶದ ಮೊದಲ ಮಹಿಳಾ ಅಧ್ಯಕ್ಷೆ ಸಾಮಿಯಾ ಸುಲುಹು ಹಸನ್ ಅವರ ಸರ್ಕಾರ ಆ ನಿಷೇಧ ತೆಗೀತು.

ಅಷ್ಟಕ್ಕೇ ಚಪ್ಪಾಳೆ ತಟ್ಟಿ ಎದ್ದುಹೋಗಬಾರದು ಅನ್ನೋದು ನನ್ನ ವಾದ. ಹೆತ್ತು ಶಾಲೆಗೆ ವಾಪಸ್ ಬಂದ ಹುಡುಗಿ ಪಾಠ ಕೇಳುವಾಗ ಕೂಸನ್ನ ಯಾರು ನೋಡಿಕೊಳ್ತಾರೆ? ಹಾಲು ಕುಡಿಸೋಕೆ ಎದ್ದರೆ ಮೇಷ್ಟ್ರು ಆಡಿಕೊಳ್ತಾರಾ? ದುಡ್ಡು ಕೊಡೋ ಸಂಸ್ಥೆಗಳು ಎಷ್ಟು ಹುಡುಗಿಯರು ಶಾಲೆಗೆ ಸೇರಿದರು ಅಂತ ಲೆಕ್ಕ ಕೇಳ್ತಾವೆ. ಹೆತ್ತ ಮೇಲೆ ಎಷ್ಟು ಜನ ವಾಪಸ್ ಬಂದರು, ಅವರಲ್ಲಿ ಎಷ್ಟು ಜನ ಪರೀಕ್ಷೆ ಬರೆದರು, ಆ ಲೆಕ್ಕವನ್ನೂ ಕೇಳಲಿ.